ಅಕ್ಕನ ಹುದ್ದೆಯಲ್ಲಿ ನಾನು

ಸರ್ಕಾರದ ದಾಖಲೆಯಲ್ಲಿ ನಾನು ಅಡುಗೆಯವಳು, ನನ್ನ ಅಕ್ಕ ಅಡುಗೆ ಸಹಾಯಕಿ. ಹಾಗೆಂದೇ ನಾವು ಸಂಬಳ ತೆಗೆದುಕೊಂಡೆವು, ಹಾಗೆಂದೇ ನಿವೃತ್ತರಾದೆವು. ನಿಜ ಇದ್ದದ್ದು ಉಲ್ಟಾ. ಒಲೆಯ ಮುಂದೆ ನಿಂತು ಅಡುಗೆ ಮಾಡುತ್ತಿದ್ದವಳು ಅವಳು. ತರಕಾರಿ ಹೆಚ್ಚಿ, ಅಕ್ಕಿಯಲ್ಲಿ ಕಲ್ಲು ಆರಿಸಿ, ಪಾತ್ರೆ ತೊಳೆಯುತ್ತಿದ್ದವಳು ನಾನು. ಇದು ಅದಲುಬದಲಾದದ್ದು ಮೊದಲ ಸಲ ಯಾರ ತಪ್ಪಿನಿಂದಲೂ ಅಲ್ಲ ಎಂದು ಬೇಕಾದರೆ ಹೇಳಬಹುದು. ಅದನ್ನು ಸರಿಮಾಡುವ ಅವಕಾಶ ಬಂದಾಗ ನಾನು ಮಾಡಿದ್ದನ್ನು ಮಾತ್ರ ಬೇರೆ ಯಾರ ತಲೆಗೂ ಕಟ್ಟಲಾರೆ.

ನಾನು ಓದಿದ್ದು ಏಳನೆಯ ತರಗತಿ. ಓದುವ ಅಭ್ಯಾಸ ಅಂಟಿಕೊಂಡದ್ದು ಆಮೇಲೆ, ಹಾಸ್ಟೆಲಿಗೆ ಬರುತ್ತಿದ್ದ ಪತ್ರಿಕೆಗಳಿಂದ. ಬರೆಯುವುದು ಹೊಸದು. ಕೂತರೆ ಕಾಲು ನಿಲ್ಲುವುದಿಲ್ಲ. ನಾಲ್ಕು ಸಾಲು ಬರೆದು ಎದ್ದು ಬಾಗಿಲವರೆಗೆ ಹೋಗುತ್ತೇನೆ, ಯಾರೂ ಇಲ್ಲ ಎಂದು ನೋಡಿಕೊಂಡು ಮತ್ತೆ ಬಂದು ಕೂರುತ್ತೇನೆ. ಅಕ್ಕ ಈಗಲೂ ತಿರುಮಕೂಡಲು ನರಸೀಪುರದಲ್ಲೇ ಇದ್ದಾಳೆ. ಇದನ್ನು ಯಾರಾದರೂ ಓದಿ ಹೇಳಿದರೆ ಕೇಳುತ್ತಾಳೋ, ಸಾಕು ನಿಲ್ಲಿಸು ಎನ್ನುತ್ತಾಳೋ ಗೊತ್ತಿಲ್ಲ.

ನಮ್ಮದು ಕವಲಂದೆಯ ಕಡೆಯ ಒಂದು ಹಳ್ಳಿ. ಅಕ್ಕ ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ಮಕ್ಕಳಿಲ್ಲದೆ ತವರಿಗೆ ಬಂದಳು. ನನ್ನನ್ನು ನಂಜನಗೂಡಿಗೆ ಕೊಟ್ಟಾಗ, ಅವ್ವನೂ ತೀರಿಕೊಂಡಿದ್ದರಿಂದ, ಅವಳೂ ನನ್ನ ಜೊತೆಗೇ ಬಂದಳು. ನನ್ನ ಗಂಡನಿಗೆ ಊರಾಚೆಯ ಕಾರ್ಖಾನೆಯಲ್ಲಿ ಕೆಲಸ. ಅಕ್ಕ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವ ಪೈಕಿ ಅಲ್ಲ. ನಮ್ಮ ಕಡೆಯ ಮದುವೆ ಮನೆಗಳಲ್ಲಿ ಹಂಡೆಗಟ್ಟಲೆ ಸಾರು ಮಾಡಿ, ದೊಡ್ಡ ತಪ್ಪಲೆಯಲ್ಲಿ ಹಿಟ್ಟು, ಅಂದರೆ ರಾಗಿ ಮುದ್ದೆ, ತಿರುವಿ ಹೆಸರು ಮಾಡಿದ್ದವಳು. ನಂಜನಗೂಡಿನ ಗಂಡುಮಕ್ಕಳ ಸರ್ಕಾರಿ ಹಾಸ್ಟೆಲಿನಲ್ಲಿ ರಾಗಿ ಹಿಟ್ಟು ಮಾಡಲು ಗಟ್ಟಿ ಕೈ ಬೇಕೆಂದು ವಾರ್ಡನ್ನರು ಹುಡುಕುತ್ತಿದ್ದಾಗ ಯಾರೋ ಇವಳನ್ನು ತೋರಿಸಿದರು. ಇವಳು ಸೇರಿದ ವಾರಕ್ಕೇ ನನ್ನನ್ನೂ ಕರೆದುಕೊಂಡು ಹೋಗಿ, ಪಾತ್ರೆಗೊಬ್ಬಳು ಬೇಕಲ್ಲ ಸಾ ಎಂದು ವಾರ್ಡನ್ನರ ಮುಂದೆ ನಿಲ್ಲಿಸಿದಳು. ಇಬ್ಬರದೂ ದಿನಗೂಲಿ. ಮಸ್ಟರ್ ರೋಲಿನಲ್ಲಿ ಇಬ್ಬರಿಗೂ ಒಂದೇ ಹೆಸರು, ಅಡುಗೆ ಕೂಲಿ. ಕೂಲಿಯೂ ಒಂದೇ. ಯಾರು ದೊಡ್ಡವರು, ಯಾರು ಚಿಕ್ಕವರು ಎನ್ನುವುದು ಮನೆಯೊಳಗಿನ ಮಾತಾಗಿತ್ತೇ ಹೊರತು ಸರ್ಕಾರದ್ದಲ್ಲ.

ಈಗ ಒಂದು ವಿಷಯ ಹೇಳಬೇಕು. ಅದನ್ನು ಹೇಳದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅಕ್ಕ ಮುಟ್ಟಾದ ಮೂರು ದಿನ ಒಲೆ ಮುಟ್ಟುತ್ತಿರಲಿಲ್ಲ. ಅದು ನಮ್ಮ ಅವ್ವ ಹಾಕಿಕೊಟ್ಟ ಕಟ್ಟು. ಹಾಸ್ಟೆಲು ಸರ್ಕಾರದ್ದು, ಇಲ್ಲಿ ಅದೆಲ್ಲ ಯಾರು ಕೇಳುತ್ತಾರೆ ಎಂದು ನಾನು ಹೇಳಿನೋಡಿದ್ದೆ. ಪರರ ಮಕ್ಕಳು ಉಣ್ಣುವ ಅನ್ನ, ನಾಳೆ ಒಬ್ಬನಿಗೆ ಜ್ವರ ಬಂದರೂ ನನ್ನ ಮನಸ್ಸಿಗೆ ಹತ್ತುತ್ತದೆ ಎಂದು ಅವಳು ಒಪ್ಪಲಿಲ್ಲ. ಆ ಮೂರು ದಿನ ನಾವು ಜಾಗ ಬದಲಿಸಿಕೊಳ್ಳುತ್ತಿದ್ದೆವು. ಅವಳು ಹಿತ್ತಿಲ ತೊಟ್ಟಿಯ ಹತ್ತಿರ ಕೂತು ಪಾತ್ರೆ ತೊಳೆಯುತ್ತಿದ್ದಳು, ನಾನು ಒಲೆಯ ಮುಂದೆ. ಅವಳು ಅಲ್ಲಿಂದಲೇ ಮೆಲ್ಲಗೆ, ಉಪ್ಪು ಈಗ ಹಾಕು, ಬೆಂಕಿ ಎಳೆ ಎಂದು ಹೇಳಿಕೊಡುತ್ತಿದ್ದಳು. ನಾನು ಮುಟ್ಟಾದರೆ ಏನೂ ಬದಲಾಗುತ್ತಿರಲಿಲ್ಲ, ನನ್ನ ಕೆಲಸ ಹೇಗೂ ಹೊರಗಿನದೇ. ಇದನ್ನು ನಾವು ಯಾರಿಗೂ ಹೇಳಿರಲಿಲ್ಲ. ಹೇಳುವ ವಿಷಯವೂ ಅಲ್ಲ. ತಿಂಗಳಲ್ಲಿ ಮೂರು ದಿನ ಸಾರಿನ ರುಚಿ ಯಾಕೆ ಕೆಡುತ್ತದೆ ಎಂದು ಹುಡುಗರು ಗೊಣಗಿದರೆ ಅಕ್ಕ, ಮೆಣಸಿನಕಾಯಿ ಸರಿಯಿಲ್ಲ ಎಂದುಬಿಡುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದಿನಗೂಲಿಯವರನ್ನು ಕಾಯಂ ಮಾಡುತ್ತಾರೆ ಎಂಬ ಮಾತು ಜೋರಾಗಿ ಕೇಳಿಬಂತು. ಬಹಳ ವರ್ಷ ದುಡಿದವರಿಗೆಲ್ಲ ಹುದ್ದೆ, ಹುದ್ದೆಗೊಂದು ವೇತನ ಶ್ರೇಣಿ, ವರ್ಷಕ್ಕೊಂದು ಇನ್‌ಕ್ರಿಮೆಂಟು, ಕೊನೆಗೆ ಪಿಂಚಣಿ. ಆದರೆ ಅದಕ್ಕೆ ಮೊದಲು ಯಾರು ಏನು ಕೆಲಸ ಮಾಡುತ್ತಿದ್ದಾರೆ ಎಂದು ನೋಡಿ ವಿಂಗಡಿಸಬೇಕಂತೆ. ನಮ್ಮಷ್ಟು ದೊಡ್ಡ ಹಾಸ್ಟೆಲಿಗೆ ಒಬ್ಬರು ಅಡುಗೆಯವರು, ಒಬ್ಬರು ಸಹಾಯಕರು. ಎರಡಕ್ಕೂ ಬೇರೆ ಬೇರೆ ಶ್ರೇಣಿ. ವಾರ್ಡನ್ನರು ಇದನ್ನು ಹೇಳಿದಾಗ ಅಕ್ಕ, ಸದ್ಯ ಇಬ್ಬರಿಗೂ ಜಾಗ ಇದೆಯಲ್ಲ ಎಂದಷ್ಟೇ ಅಂದಳು.

ಜಿಲ್ಲಾ ಕಚೇರಿಯ ಅಧಿಕಾರಿ ಹೇಳದೆ ಕೇಳದೆ ಬಂದರು. ಜೊತೆಗೆ ಒಬ್ಬ ಗುಮಾಸ್ತ. ವಾರ್ಡನ್ನರು ದಿನಸಿಯ ವಿಷಯಕ್ಕೆ ತಾಲ್ಲೂಕು ಕಚೇರಿಗೆ ಹೋಗಿದ್ದರು. ಅಂದು ಅಕ್ಕನಿಗೆ ಎರಡನೆಯ ದಿನ. ನಾನು ತಪ್ಪಲೆ ಅಲ್ಲಾಡದಂತೆ ಕವೆಗೋಲನ್ನು ಕಾಲಿನಿಂದ ಒತ್ತಿಹಿಡಿದು ಹಿಟ್ಟು ತಿರುವುತ್ತಿದ್ದೆ. ಬೆವರು ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಯಾರೋ ನಿಂತಂತಾಯಿತು.

"ಇಲ್ಲಿ ಅಡುಗೆಯವರು ಯಾರಮ್ಮಾ?"

ಹಿಟ್ಟು ತಿರುವುವ ಕೋಲು ಕೈಯಲ್ಲಿತ್ತು. ಹಿಟ್ಟನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಹಿತ್ತಿಲ ಬಾಗಿಲ ಕಡೆ ನೋಡಿದೆ. ತೊಟ್ಟಿಯ ಹತ್ತಿರ ಕೂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ತಲೆಯನ್ನು ಒಂದಿಷ್ಟು ಅಡ್ಡ ಆಡಿಸಿದಳು. ಹೇಳಬೇಡ ಎಂದು. ಏನನ್ನು ಹೇಳಬೇಡ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಇಬ್ಬರು ಗಂಡಸರು, ಅದರಲ್ಲೂ ಅಧಿಕಾರಿಗಳು, ಅವರ ಮುಂದೆ ಆ ಮಾತನ್ನು ನನ್ನ ಬಾಯಿಂದ ತೆಗೆಯಲು ನನಗೂ ಆಗುತ್ತಿರಲಿಲ್ಲ. ಆದರೆ ಅಡುಗೆ ಅವಳದು ಎಂದರೆ, ಮತ್ತೆ ನೀನ್ಯಾಕೆ ಮಾಡುತ್ತಿದ್ದೀಯ ಎಂದು ಕೇಳುತ್ತಾರೆ.

"ನಾನೇ ಸಾ," ಎಂದೆ.

ಎಷ್ಟು ಓದಿದ್ದೀಯ ಎಂದು ಕೇಳಿದರು, ಏಳು ಎಂದೆ. ಗುಮಾಸ್ತ ಬರೆದುಕೊಂಡ. ಅಧಿಕಾರಿ ಹಿತ್ತಿಲ ಬಾಗಿಲಿಗೆ ಹೋಗಿ ನಿಂತು ಅಕ್ಕನನ್ನು ಕೇಳಿದರು. ಪಾತ್ರೆ ಬೆಳಗುತ್ತೀನಿ ಸಾ ಎಂದಳು. ಅಡುಗೆಗೂ ಕೈ ಹಾಕುತ್ತೀಯಾ ಎಂದರು.

"ಇವತ್ತಿಲ್ಲ ಸಾ."

ಗುಮಾಸ್ತ ನಕ್ಕುಬಿಟ್ಟ. "ಇವತ್ತಿಲ್ಲ ಅಂದ್ರೆ ನಾಳೆ ಮಾಡ್ತೀಯೇನಮ್ಮಾ? ಸರ್ಕಾರಿ ಆಫೀಸು ಹೇಳ್ದಂಗೆ ಹೇಳ್ತಾಳಲ್ಲ ಸಾರ್ ಇವಳು." ಅಧಿಕಾರಿಯೂ ನಕ್ಕರು. ಅಕ್ಕ ತೊಟ್ಟಿಯ ನೀರನ್ನೇ ನೋಡುತ್ತಿದ್ದಳು. ಓದು ಮೂರನೆಯ ತರಗತಿ ಎಂದಳು. ಸಹಾಯಕಿ ಎಂದು ಬರೆದುಕೊಳ್ಳಿ ಎಂದು ಹೇಳಿ ಅವರು ಹೊರಟರು. ಅಷ್ಟೇ ನಡೆದದ್ದು. ಹಿಟ್ಟು ಕೂಡ ಸೀಯಲಿಲ್ಲ.

ಸಂಜೆ ವಾರ್ಡನ್ನರು ಬಂದವರು ಹಣೆ ಚಚ್ಚಿಕೊಂಡರು. ನಾಳೆಯೇ ಹೋಗಿ ಸರಿಮಾಡಿಸುತ್ತೇನೆ ಎಂದರು. ಹೋಗಿಯೂ ಬಂದರು. ಬಂದು ಹೇಳಿದ್ದು ಬೇರೆ. ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ, ಈಗ ಅದನ್ನು ಕೆದಕಿದರೆ ಇಬ್ಬರ ಹೆಸರನ್ನೂ ತಡೆಹಿಡಿಯುತ್ತಾರೆ, ಮೊದಲು ಕಾಯಂ ಆಗಲಿ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಕೊಟ್ಟಳು.

"ಆಗ್ಲಿ ಬುಡಿ ಸಾ. ಯಾರ್ ಎಸ್ರಾದ್ರೇನು, ಒಂದೇ ಮನೇಲಿ ಉಣ್ಣೋರು ತಾನೆ."

ಆ ಮಾತು ಹೇಳಿದವಳು ಅವಳು ಎಂಬ ಸಮಾಧಾನದ ಮೇಲೆ ನಾನು ಎಷ್ಟೋ ವರ್ಷ ಮಲಗಿ ನಿದ್ದೆ ಮಾಡಿದ್ದೇನೆ.

ಕಾಯಂ ಆದ ಮೇಲೂ ಕೆಲಸ ಇದ್ದಂತೆಯೇ ನಡೆಯಿತು. ಅವಳು ಒಲೆಯ ಮುಂದೆ, ನಾನು ತೊಟ್ಟಿಯ ಹತ್ತಿರ. ತಿಂಗಳ ಮೊದಲಲ್ಲಿ ಸಹಿ ಹಾಕುವಾಗ ಮಾತ್ರ ನಾನು ಮೇಲಿನ ಸಾಲಿನಲ್ಲಿ, ಅವಳು ಕೆಳಗಿನ ಸಾಲಿನಲ್ಲಿ. ರಾತ್ರಿ ಕಾವಲುಗಾರ ಒಬ್ಬನಿದ್ದ, ನಾಲಗೆ ಚುರುಕು. ನನ್ನನ್ನು ಕಂಡಾಗಲೆಲ್ಲ, "ಏನ್ ಅಡುಗೆಯವ್ರೇ, ಇವತ್ತು ಯಾವ್ ತಪ್ಪಲೆ ತೊಳ್ದ್ರಿ?" ಎಂದು ಕೆಣಕುತ್ತಿದ್ದ. ಅಕ್ಕನಿಗೆ ಹೇಳುತ್ತಿದ್ದ, "ಸರ್ಕಾರ ಕಣ್ ಮುಚ್ಕಂಡು ಉಂಡದೆ ಕಣಕ್ಕ, ಯಾರ್ ಮಾಡಿದ್ದು ಅಂತ ರುಚಿ ನೋಡ್ನಿಲ್ಲ." ಅಕ್ಕ ನಗುತ್ತಿದ್ದಳು. ಮೊದಮೊದಲು ನಾನೂ ನಗುತ್ತಿದ್ದೆ. ಒಂದು ದಿನ ಅವನ ಮೇಲೆ ರೇಗಿದೆ. ಇಂಥ ಮಾತು ಯಾರ ಕಿವಿಗಾದರೂ ಬಿದ್ದರೆ ಏನು ಗತಿ ಎಂದೆ. ನಾನು ಹಾಗೆ ರೇಗಿದ್ದು ಕಂಡು ಅಕ್ಕ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. ಆ ಹೆಸರು ನನ್ನದಾಗಿದೆ ಎಂದು ಅವಳಿಗೆ ಗೊತ್ತಾದದ್ದು ಅಂದೇ ಇರಬೇಕು. ನನಗೆ ಗೊತ್ತಾಗಲು ಇನ್ನೂ ತಡವಾಯಿತು.

ಆಮೇಲೆ ವೇತನ ಪರಿಷ್ಕರಣೆ ಬಂತು. ಶ್ರೇಣಿಗಳನ್ನೆಲ್ಲ ಹೊಸದಾಗಿ ಜೋಡಿಸಿದರು. ಮೊದಲು ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಕೂದಲೆಳೆ. ಪರಿಷ್ಕರಣೆಯಾದ ಮೇಲೆ ಅದು ಅಗಲವಾಯಿತು, ಪ್ರತಿ ಇನ್‌ಕ್ರಿಮೆಂಟಿಗೂ ಇನ್ನಷ್ಟು ಅಗಲವಾಗುತ್ತಾ ಹೋಯಿತು. ಪತ್ರಿಕೆಯಲ್ಲಿ ಬಂದದ್ದನ್ನು ನಾನು ಅಕ್ಕನಿಗೆ ಓದಿ ಹೇಳುತ್ತಿದ್ದೆ. ಕೆಲಸದ ತೂಕ ನೋಡಿ ಹುದ್ದೆಗಳನ್ನು ವರ್ಗ ಮಾಡಬೇಕು ಎಂದು ಬರೆದಿದ್ದರು. ಅಕ್ಕ ಅವರೆಕಾಯಿ ಸುಲಿಯುತ್ತಾ, "ಯಾವ್ ತಕ್ಕಡೀಲಿ ಆಕ್ತಾರಂತೆ ಕೇಳು," ಎಂದಳು. ಇಬ್ಬರೂ ನಕ್ಕೆವು. ಅಂದು ನಕ್ಕದ್ದು ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಮನೆಯಲ್ಲಿ ನಾವಿಬ್ಬರೂ ಸೇರಿ ಹಾಗೆ ನಕ್ಕದ್ದು ಕಡಿಮೆಯಾಗುತ್ತಾ ಬಂತು.

ನಾನು ಬದಲಾಗಿದ್ದೆ. ಮಕ್ಕಳ ಶಾಲೆಯಲ್ಲಿ ತಾಯಿಯ ಉದ್ಯೋಗ ಎಂದು ಕೇಳಿದರೆ ಸರ್ಕಾರಿ ಅಡುಗೆಯವರು ಎಂದು ಬರೆಸುತ್ತಿದ್ದೆ. ನೌಕರರ ಸಂಘದ ಸಭೆಗೆ ಹೋದರೆ ಅಡುಗೆಯವರ ಸಾಲಿನಲ್ಲಿ ಕೂರುತ್ತಿದ್ದೆ. ಇದಕ್ಕಿಂತ ಸಣ್ಣದು ಇನ್ನೊಂದಿದೆ, ಅದನ್ನು ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ. ಹಾಸ್ಟೆಲಿಗೆ ಯಾರಾದರೂ ಅಧಿಕಾರಿಯೋ ಪಂಚಾಯಿತಿ ಸದಸ್ಯರೋ ಬಂದರೆಂದರೆ ನಾನು ತೊಟ್ಟಿಯಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದೆ. ಅಕ್ಕನ ಕೈಯಿಂದ ಸೌಟು ತೆಗೆದುಕೊಳ್ಳುತ್ತಿದ್ದೆ. ಮೊದಲ ಸಲ ನಾನು ಕೇಳಿ ತೆಗೆದುಕೊಂಡೆ, ಆಮೇಲಾಮೇಲೆ ಕೇಳುವುದೂ ಬೇಕಾಗಲಿಲ್ಲ. ಜೀಪಿನ ಸದ್ದಾದರೆ ಅವಳೇ ಸೌಟು ಕೊಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ದಾಖಲೆಗೆ ಸರಿಯಾಗಿ ಕಾಣಲಿ ಎಂದಷ್ಟೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಒಂದು ದಿನ ಯಾರೋ ಮೇಲಿನವರು ಬಂದಾಗ ಅವಳು ಸೌಟು ಕೊಡಲಿಲ್ಲ. ನಾನು ಹಿಡಿಗೆ ಕೈ ಹಾಕಿದೆ, ಅವಳು ಬಿಡಲಿಲ್ಲ. ಎಳೆದಾಡುವಂತಿರಲಿಲ್ಲ. ನಾನೇ ಕೈ ತೆಗೆದು ಉಪ್ಪಿನ ಡಬ್ಬ ಹುಡುಕುವವಳಂತೆ ಆ ಕಡೆ ತಿರುಗಿದೆ.

ಮುಂದಿನ ವಾರ ಅವಳು ವರ್ಗಾವಣೆ ಕೇಳಿ ಅರ್ಜಿ ಹಾಕಿದಳು. ನರಸೀಪುರದ ಹಾಸ್ಟೆಲಿನಲ್ಲಿ ಸಹಾಯಕಿಯ ಜಾಗ ಖಾಲಿ ಇತ್ತು. ಯಾಕೆ ಎಂದು ನಾನು ಕೇಳಿದ್ದಕ್ಕೆ, ನಿನ್ನ ಮಕ್ಕಳು ಬೆಳೆದರು, ಮನೆ ಇಕ್ಕಟ್ಟಾಯಿತು ಎಂದಳು. ಮನೆ ಇಕ್ಕಟ್ಟಾಗಿದ್ದದ್ದು ನಿಜ. ಒಂದು ಟ್ರಂಕು, ಒಂದು ಸುತ್ತಿದ ಚಾಪೆ ತೆಗೆದುಕೊಂಡು ಬಸ್ಸು ಹತ್ತಿದಳು. ಮರುದಿನದಿಂದ ಹಾಸ್ಟೆಲಿನ ಅಡುಗೆಯನ್ನು ನಾನು ನಿಜವಾಗಿ ಮಾಡಬೇಕಾಯಿತು. ಒಂದು ತಿಂಗಳು ಹುಡುಗರು ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು, ನನಗೂ ಕೈ ಕೂಡಿತು.

ನರಸೀಪುರದಲ್ಲಿ ಅಡುಗೆಯವರ ಹುದ್ದೆ ಖಾಲಿಯೇ ಇತ್ತು. ಅಲ್ಲಿಯೂ ಒಲೆ ಅಕ್ಕನ ಪಾಲಿಗೇ ಬಂತು, ಸಂಬಳ ಮಾತ್ರ ಸಹಾಯಕಿಯದು. ಪಾತ್ರೆಗೆ ಒಬ್ಬಳು ಕೂಲಿಯವಳನ್ನು ಇಟ್ಟುಕೊಂಡಿದ್ದರು. ಅಷ್ಟು ಹೊತ್ತಿಗೆ ಅಕ್ಕನಿಗೆ ತಿಂಗಳ ಮೂರು ದಿನದ ಕಟ್ಟೂ ನಿಂತುಹೋಗಿತ್ತು. ವರ್ಷವೆಲ್ಲ ಅವಳದೇ ಅಡುಗೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಸಹಾಯಕರ ಹೆಸರಿನಲ್ಲಿದ್ದು ನಿಜವಾಗಿ ಅಡುಗೆಯನ್ನೇ ಮಾಡುತ್ತಿರುವವರು ಇದ್ದರೆ, ಮೊದಲಿನಿಂದಲೂ ಅದೇ ಕೆಲಸ ಮಾಡಿದವರೆಂದು ಖಾತ್ರಿಯಾದರೆ, ಖಾಲಿ ಹುದ್ದೆಗೆ ಅವರ ಪದನಾಮ ಬದಲಾಯಿಸಬಹುದು ಎಂದು. ಅಕ್ಕ ಕೇಳಿದವಳಲ್ಲ. ಅಲ್ಲಿನ ವಾರ್ಡನ್ನರೇ ಅವಳ ಪರವಾಗಿ ಬರೆದು ಕಳಿಸಿದರು. ಮೊದಲಿನಿಂದಲೂ ಎನ್ನುವುದಕ್ಕೆ ಸಾಕ್ಷಿ ಬೇಕು. ನಂಜನಗೂಡಿನ ಹಳೆಯ ವಾರ್ಡನ್ನರು ತೀರಿಕೊಂಡಿದ್ದರು. ಕಾವಲುಗಾರ ಯಾವ ಊರಿಗೋ ಹೋಗಿದ್ದ. ಉಳಿದವಳು ಜೊತೆಯಲ್ಲಿ ಕೆಲಸ ಮಾಡಿದ ನಾನು.

ಅಕ್ಕ ನಮ್ಮ ಪಕ್ಕದ ಮನೆಗೆ ಫೋನು ಮಾಡಿದಳು. ಅವಳು ಫೋನಿನಲ್ಲಿ ಮಾತಾಡಿದ್ದೇ ಕಡಿಮೆ, ಜೋರಾಗಿ ಕೂಗಿ ಹೇಳುತ್ತಿದ್ದಳು. "ಏನೂ ಎದುರ್ಕೊಬ್ಯಾಡ. ಬಂದು ಇದ್ದದ್ದ ಇದ್ದಂಗೆ ಯೋಳ್ಬುಡು, ಅಷ್ಟೆಯ. ಊಟಕ್ಕೆ ಇಲ್ಲೇ ಇರು."

ಅಂದು ಬೆಳಿಗ್ಗೆ ನರಸೀಪುರದ ಬಸ್ಸಿನಲ್ಲಿ ಕೂತವಳಿಗೆ ಕೂರಲಾಗಲಿಲ್ಲ. ಕಿಟಕಿ ತೆರೆದೆ, ಮುಚ್ಚಿದೆ, ಸೀಟು ಬದಲಿಸಿದೆ. ದಾರಿಯಲ್ಲಿ ಒಂದು ಹಳ್ಳಿ ಬಂದಾಗ ಇಳಿದೇಬಿಟ್ಟೆ. ವಾಪಸು ಹೋಗಿ ಜ್ವರವೆಂದು ಹೇಳಿಕಳಿಸೋಣ ಎಂದು ರಸ್ತೆಯ ಆಚೆ ದಾಟಿ ನಿಂತೆ. ನಂಜನಗೂಡಿನ ಬಸ್ಸು ಬಂದಾಗ ಹತ್ತಲಿಲ್ಲ. ಮತ್ತೆ ಈಚೆ ದಾಟಿ ಬಂದು ನಿಂತೆ. ಅಲ್ಲಿ ಕೂತಿದ್ದ ಮುದುಕರೊಬ್ಬರು, ಯಾವೂರಿಗವ್ವ ನೀನು ಹೋಗೋದು ಎಂದು ಕೇಳಿದರು. ಕೊನೆಗೆ ನರಸೀಪುರದ ಬಸ್ಸನ್ನೇ ಹತ್ತಿದೆ. ಹತ್ತುವಾಗ ನಾನು ನಿಜವನ್ನೇ ಹೇಳುವವಳಿದ್ದೆ. ಇದನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ. ಹೇಳುವವಳಿದ್ದೆ ಎನ್ನುವುದರಿಂದ ಅಕ್ಕನಿಗೆ ಏನೂ ದಕ್ಕಲಿಲ್ಲ.

ಹಾಸ್ಟೆಲಿನ ವರಾಂಡದಲ್ಲಿ ಅಧಿಕಾರಿಯ ಜೊತೆ ಬಂದಿದ್ದ ಗುಮಾಸ್ತ ನನ್ನ ಹೆಸರು, ಹುದ್ದೆ ಕೇಳಿದ. ಅಡುಗೆಯವರು ಎಂದೆ. ಹಾಗಾದರೆ ಅಕ್ಕ ಏನಾಗಿದ್ದರು ಎಂದ. ನಾನು ತಡವರಿಸಿದೆ. ಅವನು ಕೆಟ್ಟವನಲ್ಲ, ತಿಳಿದದ್ದನ್ನು ಹೇಳಿದ. ಒಂದು ಹಾಸ್ಟೆಲಿನಲ್ಲಿ ಅಡುಗೆಯವರು ಒಬ್ಬರೇ ಇರುವುದು, ಅವರು ಮಾಡಿದ್ದೆಂದರೆ ನೀವು ಮಾಡಿಲ್ಲ ಎಂದಾಗುತ್ತದೆ, ಮಾಡದ ಕೆಲಸಕ್ಕೆ ತೆಗೆದುಕೊಂಡದ್ದು ರಿಕವರಿ ಆದರೂ ಆಗಬಹುದು, ನಿಮಗೂ ಕಾಲಮಿತಿ ಬಡ್ತಿ ಬರುವ ಸಮಯ, ನೋಡಿಕೊಂಡು ಮಾತಾಡಿ ಎಂದ. ನಾನು ವರಾಂಡದ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಭಯವಾಯಿತು ಎಂದು ಬರೆದರೆ ಅರ್ಧ ಮಾತ್ರ ನಿಜ. ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ. ನಂಜನಗೂಡಿಗೆ ಹಿಂದಿರುಗಿ, ನನ್ನ ಕೈಕೆಳಗಿದ್ದ ಹೊಸ ಸಹಾಯಕಿಯ ಪಕ್ಕದಲ್ಲಿ ನಾನೂ ಸಹಾಯಕಿಯಾಗಿ ಕೂರುವ ಚಿತ್ರ ಕಣ್ಣ ಮುಂದೆ ಬಂತು. ಅದನ್ನು ತಾಳಲು ನನಗೆ ಆಗಲಿಲ್ಲ. ಅಕ್ಕ ಅದನ್ನು ಅಷ್ಟು ವರ್ಷ ತಾಳಿದ್ದಳು ಎನ್ನುವುದು ಆಗ ಹೊಳೆಯಲೇ ಇಲ್ಲ.

ಒಳಗೆ ಕರೆದರು. ಅಧಿಕಾರಿ ಸಾವಧಾನದ ಮನುಷ್ಯ. ಕುರ್ಚಿ ತೋರಿಸಿದರು. ಪಕ್ಕದಲ್ಲಿ ವಾರ್ಡನ್ನರು. ಅಕ್ಕ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು, ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು. ಒಲೆಯ ಮುಂದಿನಿಂದ ಎದ್ದು ಬಂದವಳ ಹಾಗೆ ಇರಲಿಲ್ಲ. ಅವಳಿಗೆ ಇದು ಬೇಕಾಗಿದೆ ಎಂದು ನನಗೆ ಆಗ ಗೊತ್ತಾಯಿತು. ಯಾರ ಹೆಸರಾದರೇನು ಎಂದವಳು ಅದನ್ನು ಎಷ್ಟು ಬಯಸಿದ್ದಳು ಎಂದು ಆ ಬಾಚಿದ ತಲೆಯೇ ಹೇಳುತ್ತಿತ್ತು.

ನಂಜನಗೂಡಿನಲ್ಲಿ ಮೊದಲಿನಿಂದ ಅಡುಗೆ ಮಾಡುತ್ತಿದ್ದವರು ಯಾರು ಎಂದು ಅಧಿಕಾರಿ ಕೇಳಿದರು.

"ನಂದೇನಾಯ್ತದೆ ಸಾ?" ಎಂದೆ.

"ಅದನ್ನೂ ನೋಡಬೇಕಾಗುತ್ತೆ. ನೀವು ಮೊದಲು ಇದನ್ನ ಹೇಳಿ. ಇವರು ಅಡುಗೆ ಮಾಡ್ತಿದ್ರಾ, ಇಲ್ವಾ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೌದು ಎನ್ನಲೂ ಬರಲಿಲ್ಲ. ಬಂದದ್ದು ಇದು:

"ಮಾಡ್ತಿದ್ಲು ಸಾ. ನಾನು ಮುಟ್ಟಾದಾಗ. ತಿಂಗಳಲ್ಲಿ ಆ ಮೂರು ದಿನ ನಾನು ಒಲೆ ಹತ್ರ ಹೋಗ್ತಿರ್ನಿಲ್ಲ. ಆಗ ಅಕ್ಕನೇ ಮಾಡ್ತಿದ್ಲು."

ಗಂಡಸರ ಮುಂದೆ ಆ ಮಾತು ನನ್ನ ನಾಲಗೆಯಿಂದ ಒಂದು ಚೂರೂ ತಡೆಯದೆ ಹೊರಬಂತು. ವಾರ್ಡನ್ನರು ಮೇಜಿನ ಕಡೆ ನೋಡಿದರು. ಅಧಿಕಾರಿಗೂ ಮುಜುಗರವಾಯಿತು, ಮುಂದೆ ಏನೂ ಕೇಳಲಿಲ್ಲ. ಅಷ್ಟು ನಾಚಿಕೆಯ ವಿಷಯವನ್ನು ಹೆಂಗಸೊಬ್ಬಳು ಸುಳ್ಳು ಹೇಳಲಾರಳು ಎಂದು ಅವರಿಗೆ ಅನಿಸಿರಬೇಕು. ಹಾಗಾದರೆ ಯಾವಾಗಲಾದರೊಮ್ಮೆ ಎಂದು ಹೇಳುತ್ತಾ ಬರೆದುಕೊಂಡರು. ಅಕ್ಕನ ಕಡೆ ತಿರುಗಿ, ನೀವೇನಾದರೂ ಹೇಳುವುದಿದೆಯಾ ಎಂದರು. ಅಕ್ಕ ನನ್ನನ್ನು ನೋಡಲಿಲ್ಲ. ಇಲ್ಲ ಸಾ ಎಂದಳು. ನನ್ನ ತಂಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅವಳು ಹೇಳುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೇಳಿದೆನೋ ಏನೋ.

ಹೊರಗೆ ಬಂದೆ. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೂ ಹೋಗಿಬಿಟ್ಟಿದ್ದೆ. ಹಿಂದಿನಿಂದ ಅಕ್ಕ ಕರೆದಳು. "ಊಟಕ್ಕಿರು ಅಂದಿದ್ನಲ್ಲ, ಬಾ."

ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿದಳು. ಬಿಸಿ ಹಿಟ್ಟು, ಉಪ್ಪೆಸರು, ಮೇಲೆ ಒಂದಿಷ್ಟು ಕಾರ. ನಾನು ಉಂಡೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಇಳಿಯಿತು. ಅಷ್ಟು ಹಸಿದಿದ್ದೆ. ಎರಡನೆಯ ಸಲ ಎಸರು ಬಡಿಸಲು ಬಗ್ಗಿದಾಗ ಅವಳು ಹೇಳಿದಳು, ದನಿ ಏರಿಸದೆ, ಉಪ್ಪು ಸಾಕೇ ಎಂದು ಕೇಳುವ ಹಾಗೆ.

"ಆ ಮಾತ ಅವತ್ತು ನಂಜನಗೂಡಲ್ಲೇ ಆಡಿದ್ರೆ ಆಗೋದಲ್ಲ."

ನಾನು ತಲೆ ಎತ್ತದೆ ತಟ್ಟೆ ಬಳಿದೆ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಳೇ ಎಬ್ಬಿಸಿ ಕಳಿಸಿದಳು.

ಅಕ್ಕನ ಅರ್ಜಿ ತಿರಸ್ಕಾರವಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಹುದ್ದೆ ಖಾಲಿ ಇದೆ ಎಂದು ಆ ಓಡಾಟದಲ್ಲಿ ಮೇಲಿನವರ ಕಣ್ಣಿಗೆ ಬಿದ್ದಿತ್ತು. ಬೇರೆ ತಾಲ್ಲೂಕಿನಿಂದ ಅಡುಗೆಯವರೊಬ್ಬರನ್ನು ಅಲ್ಲಿಗೆ ಹಾಕಿದರು. ಕೂಲಿಯವಳನ್ನು ಬಿಡಿಸಿದರು. ಅಕ್ಕ ಒಲೆಯಿಂದ ಎದ್ದು ತೊಟ್ಟಿಯ ಹತ್ತಿರ ಹೋದಳು. ನಾನು ಹೇಳಿದ ಸುಳ್ಳು ಆಗ ನಿಜವಾಯಿತು. ಐವತ್ತು ದಾಟಿದ ಮೇಲೆ, ಬದುಕಿನಲ್ಲಿ ಮೊದಲ ಸಲ, ಅವಳು ತಿಂಗಳಿಡೀ ಪಾತ್ರೆ ತೊಳೆದಳು. ಬಂದವರು ಒಳ್ಳೆಯವರಂತೆ, ಆದರೆ ಒಲೆಯನ್ನು ಯಾರಿಗೂ ಬಿಟ್ಟುಕೊಡುವವರಲ್ಲವಂತೆ. ಅಕ್ಕನೇ ಇದನ್ನು ನಗುತ್ತಾ ಹೇಳಿದಳು.

ನನಗೆ ಬಡ್ತಿ ಬಂತು. ಬಂದ ದಿನ ಮೈಸೂರಿಗೆ ಹೋದೆ. ಜಿಲ್ಲಾ ಕಚೇರಿಯಲ್ಲಿ ಆ ಅಧಿಕಾರಿ ಇದ್ದರೆ ಎಲ್ಲವನ್ನೂ ಹೇಳಿಬಿಡುವುದೆಂದು. ಅವರು ವರ್ಗವಾಗಿ ಹೋಗಿದ್ದರು. ಇನ್ನೊಬ್ಬರು ಇದ್ದರು, ಏನು ವಿಷಯ ಎಂದರು. ನಮ್ಮ ಹಾಸ್ಟೆಲಿಗೆ ದೊಡ್ಡ ತಪ್ಪಲೆ ಬೇಕು ಸಾ ಎಂದೆ. ಅದಕ್ಕೆ ವಾರ್ಡನ್ನರ ಮೂಲಕ ಬರೆಯಬೇಕು ಎಂದು ಹೇಳಿ ಕಳಿಸಿದರು. ಇನ್ನೂ ಎರಡು ಸಲ ಹೋದೆ. ಮೆಟ್ಟಿಲು ಹತ್ತಿ ಇಳಿದು ಬಂದೆ. ಹೋಗಿ ಬಂದ ದಿನಗಳಲ್ಲಿ ಮನೆಯಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲ, ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಏನಾಗಿದೆ ನಿನಗೆ ಎಂದು ಗಂಡ ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದೆ.

ಅಕ್ಕ ನಿವೃತ್ತಳಾದ ದಿನ ನರಸೀಪುರದ ಹಾಸ್ಟೆಲಿನಲ್ಲಿ ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಊಟದ ಹಾಲಿನಲ್ಲಿ ನಾಲ್ಕು ಕುರ್ಚಿ, ಒಂದು ಮೇಜು, ಒಂದು ಹಾರ, ಒಂದು ಶಾಲು. ಹುಡುಗರನ್ನೆಲ್ಲ ಚಾಪೆಯ ಮೇಲೆ ಕೂರಿಸಿದ್ದರು. ವಾರ್ಡನ್ನರು ಹೊಸಬರು. ಅಡುಗೆ ಸಹಾಯಕಿಯಾಗಿ ಸೇರಿ, ಅಡುಗೆ ಸಹಾಯಕಿಯಾಗಿಯೇ ನಿಷ್ಠೆಯಿಂದ ಸೇವೆ ಸಲ್ಲಿಸಿ ಎಂದು ಓದಿದರು. ಅಕ್ಕ ಕುರ್ಚಿಯ ತುದಿಯಲ್ಲಿ, ಯಾವಾಗ ಏಳಲಿ ಎನ್ನುವಂತೆ ಕೂತಿದ್ದಳು. ತಂಗಿಯವರೂ ನಮ್ಮ ಇಲಾಖೆಯವರೇ, ಅಡುಗೆಯವರು, ಎರಡು ಮಾತಾಡಲಿ ಎಂದು ನನ್ನನ್ನು ಕರೆದರು.

ಮಾತಾಡಬೇಕೆಂದು ಹೋದವಳಲ್ಲ. ಎದ್ದು ನಿಂತ ಮೇಲೆ ಬೇರೆ ಯಾವ ಮಾತೂ ನೆನಪಾಗಲಿಲ್ಲ. ಅಡುಗೆಯವಳು ನಾನಲ್ಲ, ಅಕ್ಕ ಎಂದೆ. ಶುರುವಿನಿಂದಲೂ ಅವಳೇ ಮಾಡಿದ್ದು, ನಾನು ಪಾತ್ರೆ ತೊಳೆಯುತ್ತಿದ್ದವಳು. ಅವಳ ಹುದ್ದೆಯಲ್ಲಿ ನಾನು ಕೂತೆ. ಕೇಳಲು ಬಂದವರಿಗೆ ಸುಳ್ಳು ಹೇಳಿದೆ. ನನ್ನ ದನಿ ಒಡೆದುಹೋಯಿತು, ಕೊನೆಯ ಮಾತು ಎಷ್ಟು ಜನಕ್ಕೆ ಕೇಳಿಸಿತೋ ಗೊತ್ತಿಲ್ಲ.

ವಾರ್ಡನ್ನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗರೂ ತಟ್ಟಿದರು. "ನೋಡಿ, ಎಂಥ ದೊಡ್ಡ ಮನಸ್ಸು," ಎಂದರು ವಾರ್ಡನ್ನರು ಹುಡುಗರ ಕಡೆ ತಿರುಗಿ. "ತಾವೇ ಅಡುಗೆಯವರಾಗಿದ್ರೂ ಎಲ್ಲಾ ಹೆಸರನ್ನೂ ಅಕ್ಕನಿಗೆ ಕೊಟ್ರು. ಒಡಹುಟ್ಟಿದವರು ಅಂದ್ರೆ ಹಿಂಗಿರಬೇಕು."

ನಾನು ಇಲ್ಲ ಸಾ, ಹಾಗಲ್ಲ ಎಂದು ಮತ್ತೆ ಶುರುಮಾಡಿದೆ. ಅಕ್ಕ ಹಾರದೊಳಗಿಂದ ಕೈ ಚಾಚಿ ನನ್ನ ಸೆರಗು ಹಿಡಿದು ಎಳೆದಳು.

"ಕುಂತ್ಕೊ. ಇವ್ರಿಗ್ಯಾಕೆ ಯೋಳ್ತೀಯ? ಬರ್ಕೊಳ್ಳೋರ್ ಮುಂದೆ ಯೋಳ್ನಿಲ್ಲ."

ನಾನು ಕೂತೆ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.